ಎಡಗಡೆಯ ಗೋಲು

ಆ ವರ್ಷ ಐದು ಪಂದ್ಯ ಉಳಿದಿದ್ದಾಗ ನಮ್ಮ ತಂಡ ಎಂಟು ಊರುಗಳ ಪಟ್ಟಿಯಲ್ಲಿ ಆರನೆಯ ಜಾಗದಲ್ಲಿತ್ತು. ಮೊದಲ ನಾಲ್ಕರೊಳಗೆ ಬಂದವರಿಗೆ ಮುಂದಿನ ಸುತ್ತು, ಉಳಿದವರಿಗೆ ಮನೆ. ಅದೇನೂ ಹೊಸದಲ್ಲ, ಏಳು ವರ್ಷದಿಂದ ನಾವು ಮನೆಗೇ ಹೋಗುತ್ತಿದ್ದವರು. ಆದರೆ ಆ ಸಲ ಕೆರೆ ಸಮಿತಿಯವರು ಚಾವಡಿಯ ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ನಾಲ್ಕರೊಳಗೆ ಬಾರದಿದ್ದರೆ ಸಂಬಳದ ತಂಡ ಇನ್ನು ಸಾಕು, ಮುಂದಿನ ಬೇಸಿಗೆಯಿಂದ ಕೆರೆಯನ್ನು ಮಂಜುಗಡ್ಡೆ ಕೊಯ್ದು ಸಾಗಿಸುವ ಕಂಪನಿಗೆ ಗುತ್ತಿಗೆ ಕೊಡುತ್ತೇವೆ ಎಂದು ಅದರಲ್ಲಿತ್ತು. ಅದನ್ನು ಓದಿದವರು ಓದಲು ಬಾರದವರಿಗೆ ಹೇಳಿದರು. ಸಂಜೆಯೊಳಗೆ ಊರಿಗೆ ಊರೇ ನಮ್ಮ ಮುಖ ನೋಡತೊಡಗಿತು.

ನಮ್ಮೂರ ಕೆರೆ ಶಿವರಾತ್ರಿ ಕಳೆದ ವಾರದೊಳಗೆ ಹೆಪ್ಪುಗಟ್ಟುತ್ತದೆ. ಬಿಸಿಲು ಏರಿದಷ್ಟೂ ಗಡ್ಡೆ ದಪ್ಪವಾಗುತ್ತ ಹೋಗಿ, ಮುಂಗಾರಿನ ಮೊದಲ ಗುಡುಗಿಗೆ ಒಡೆಯುತ್ತದೆ. ದಂಡೆಯಲ್ಲಿ ಬರಿಗಾಲಿಟ್ಟರೆ ಬೊಬ್ಬೆ ಏಳುವಂಥ ಬಿಸಿಲು. ಮೆಟ್ಟಿಲಿಳಿದು ಹತ್ತು ಹೆಜ್ಜೆ ಹೋದರೆ ಹಲ್ಲು ಕಟಕಟ ಎನ್ನುವ ಚಳಿ. ಹೀಗಾಗಿ ಕಟ್ಟೆಯ ಮೇಲೆ ಯಾವಾಗಲೂ ಕಂಬಳಿಗಳ ರಾಶಿ ಬಿದ್ದಿರುತ್ತದೆ. ಇಳಿಯುವವರು ಒಂದನ್ನು ಹೊದ್ದು ಇಳಿಯುತ್ತಾರೆ, ಹತ್ತುವವರು ಬಿಚ್ಚಿ ಎಸೆದು ಹತ್ತುತ್ತಾರೆ, ಇದು ಯಾರದೆಂದು ಯಾರೂ ಕೇಳುವುದಿಲ್ಲ. ಅಗಸರು ಗಡ್ಡೆಯಲ್ಲಿ ತೂತು ಕೊರೆದು ಬಟ್ಟೆ ಒಗೆಯುತ್ತಾರೆ. ಹೆಂಗಸರು ಮಜ್ಜಿಗೆಯ ಗಡಿಗೆಯನ್ನು ಅಲ್ಲಿಗೇ ತಂದು ಕಡೆಯುತ್ತಾರೆ, ಬೆಣ್ಣೆ ಬೇಗ ಮೇಲೆ ಬರುತ್ತದೆಂದು. ಎಮ್ಮೆಗಳು ಮಾತ್ರ ಪ್ರತಿ ವರ್ಷವೂ ಹೊಸದಾಗಿ ಕಂಡಂತೆ ದಂಡೆಯಲ್ಲಿ ನಿಂತು ಮುನಿಸಿಕೊಳ್ಳುತ್ತವೆ. ಮೀನು ಹಿಡಿಯುವ ಅಂಬಿಗರಾದ ನಾವು ದೋಣಿ ಮಗುಚಿ ಹಾಕಿ ಅಲಗಿನ ಬೂಟು ಕಟ್ಟಿಕೊಳ್ಳುತ್ತೇವೆ. ನಮ್ಮ ಅಜ್ಜಂದಿರು ಹೊತ್ತು ಹೋಗಲೆಂದು ಆಡುತ್ತಿದ್ದ ಕೋಲು ಬಿಲ್ಲೆಯ ಆಟ ನಮ್ಮ ಕಾಲಕ್ಕೆ ಹಾಕಿ ಎಂಬ ಹೆಸರು ಪಡೆದು, ನಾಲ್ಕು ತಿಂಗಳ ಸಂಬಳದ ಕೆಲಸವೂ ಆಗಿತ್ತು.

ನಾನು ದ್ಯಾಮಣ್ಣ, ಗೋಲು ಕಾಯುವವನು. ಹದಿನಾಲ್ಕು ಬೇಸಿಗೆ ಅದೇ ಬಲೆಯ ಮುಂದೆ ನಿಂತಿದ್ದೆ. ಅಂಗೈಯಗಲದ ಕಪ್ಪು ರಬ್ಬರಿನ ಬಿಲ್ಲೆ ಗುಂಡಿನ ಹಾಗೆ ಬರುತ್ತದೆ. ಬಂದಾಗ ತಡೆಯಬೇಕು, ಅಷ್ಟೇ ನನ್ನ ಕೆಲಸ. ಅದೊಂದನ್ನು ಬಿಟ್ಟರೆ ನನಗೆ ಹೇಳಿಕೊಳ್ಳುವಂಥ ವಿದ್ಯೆ ಇನ್ನೊಂದಿರಲಿಲ್ಲ. ಮೀನು ಹಿಡಿಯುವುದರಲ್ಲಿ ನಾನು ಸಾಧಾರಣ. ಊರಲ್ಲಿ ದ್ಯಾಮಣ್ಣ ಎನ್ನುವವರು ಆರು ಜನರಿದ್ದರೂ, ಹೆಸರು ಎತ್ತಿದರೆ ಜನ ಗೋಲಿನ ಕಡೆಗೇ ತಿರುಗುತ್ತಿದ್ದರು.

ಸಂಕ್ರಾಂತಿಯ ಹೊತ್ತಿಗೆ ಪಕ್ಕದ ಊರಿನಲ್ಲಿ ಕಣ್ಣಿನ ಶಿಬಿರ ನಡೆದಿತ್ತು. ಎಡಗಡೆ ಹೊಗೆ ಕವಿದ ಹಾಗಾಗುತ್ತದೆಂದು ನಾನು ಯಾರಿಗೂ ಹೇಳದೆ ಹೋಗಿ ತೋರಿಸಿದೆ. ಡಾಕ್ಟರು ಬಹಳ ಹೊತ್ತು ನೋಡಿದರು. ಎಡಗಣ್ಣಿನ ನರ ಒಣಗುತ್ತಿದೆ, ಹೊರಗಿನ ಅರ್ಧ ಆಗಲೇ ಹೋಗಿದೆ, ಹೋದದ್ದು ಮರಳಿ ಬರುವುದಿಲ್ಲ, ದಿನಾ ಔಷಧಿಯ ಹನಿ ಬಿಟ್ಟುಕೊಂಡರೆ ಉಳಿದದ್ದು ಉಳಿದೀತು ಎಂದರು. ಚೀಟಿ ಬರೆದುಕೊಟ್ಟರು. ಔಷಧಿ ತಂದರೆ ಹೆಂಡತಿ ಹುಲಿಗೆವ್ವ ಏನಿದು ಎಂದು ಕೇಳುತ್ತಾಳೆ, ಅವಳಿಗೆ ಹೇಳಿದರೆ ಅವಳ ತಮ್ಮನಿಗೆ ಗೊತ್ತಾಗುತ್ತದೆ, ಅವನು ತಂಡದಲ್ಲೇ ಇದ್ದಾನೆ ಎಂದು ಲೆಕ್ಕ ಹಾಕಿ ಚೀಟಿಯನ್ನು ಮಡಿಸಿ ಅಂಗಿಯ ಒಳಜೇಬಿನಲ್ಲಿಟ್ಟೆ. ಅಲ್ಲಿಯೇ ಇತ್ತು, ಎರಡು ಸಲ ಒಗೆಯಲು ಹಾಕಿ ಅಕ್ಷರ ಅಳಿಸಿಹೋಗುವ ತನಕ.

ಆ ತಮ್ಮ ಫಕೀರಪ್ಪ, ನನ್ನ ಎಡಗಡೆ ನಿಂತು ಆಡುವವನು. ಮೂವತ್ತಾರು ವರ್ಷದವ, ಮಾತು ಕಡಿಮೆ, ನನ್ನನ್ನು ಮಾವ ಎಂದು ಕರೆಯುತ್ತಿದ್ದ. ಎದುರಾಳಿಗಳು ಎಡಗಡೆಯಿಂದ ನುಗ್ಗಿದರೆ ಅಡ್ಡಗಟ್ಟುವುದು ಅವನ ಕೆಲಸ, ಅವನ ಕೈ ಮೀರಿ ಬಂದದ್ದನ್ನು ತಡೆಯುವುದು ನನ್ನ ಕೆಲಸ. ಒಂಬತ್ತು ವರ್ಷ ಹಾಗೆ ನಡೆದು ಬಂದಿತ್ತು.

ಐದರಲ್ಲಿ ಮೊದಲನೆಯ ಪಂದ್ಯವನ್ನು ನಾವು ಗೆದ್ದೆವು. ಒಂದು ಗೋಲು ಎಡಗಡೆಯಿಂದ ಒಳಹೋಯಿತು. ಬಿಸಿಲು ಗಡ್ಡೆಗೆ ಬಡಿದು ಕಣ್ಣು ಕುಕ್ಕಿತು ಎಂದೆ, ಗೆದ್ದ ಖುಷಿಯಲ್ಲಿ ಯಾರೂ ಕೇಳಲಿಲ್ಲ. ಎರಡನೆಯದರಲ್ಲಿ ಮತ್ತೆ ಎಡಗಡೆಯಿಂದಲೇ ಹೋಯಿತು, ಅದೊಂದೇ ಗೋಲಿನಿಂದ ಸೋತೆವು. ದೋಣಿಮನೆಯಲ್ಲಿ ಬೂಟು ಬಿಚ್ಚುತ್ತಿದ್ದಾಗ ನಮ್ಮ ಕೋಚು ನೀಲಗಂಗಾ ಅಕ್ಕೋರು ನನ್ನ ಮುಂದೆ ಬಂದು ನಿಂತರು. ಅವರು ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು. ಅರ್ಧ ತಂಡ ಚಿಕ್ಕಂದಿನಲ್ಲಿ ಅವರ ಕೈಯಲ್ಲಿ ಬೆತ್ತದ ಏಟು ತಿಂದಿತ್ತು. ಅದ್ಹೇಗೆ ಬಿಟ್ಟೆ ಎಂದು ಕೇಳಿದರು. ನಾನು ಬೂಟಿನ ಲಾಡಿ ನೋಡುತ್ತ, ಫಕೀರಪ್ಪ ಅಡ್ಡ ನಿಂತಿದ್ದ, ಬಿಲ್ಲೆ ಕಾಣಲಿಲ್ಲ ಎಂದುಬಿಟ್ಟೆ. ಮೊದಲೇ ಯೋಚಿಸಿ ಆಡಿದ ಮಾತಲ್ಲ ಅದು. ಬಾಯಿಗೆ ಬಂತು, ಹೊರಗೆ ಬಿತ್ತು.

ಫಕೀರಪ್ಪ ಇಲ್ಲವೆನ್ನುತ್ತಾನೆಂದು ಕಾದೆ. ಅವನು ಎನ್ನಲಿಲ್ಲ. ಕೋಲನ್ನು ಗೋಡೆಗೆ ಆನಿಸಿ, ಇದ್ದರೂ ಇರಬಹುದು, ಮಾವಗ ಕಂಡಷ್ಟು ನನಗ ಕಾಣಂಗಿಲ್ಲ ಎಂದ. ಅವನು ಅದನ್ನು ನಂಬಿಯೇ ಬಿಟ್ಟಿದ್ದ. ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನದಿಂದ ಅವನು ನಡು ಮಧ್ಯಾಹ್ನ, ಊರೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ, ಒಬ್ಬನೇ ಕೆರೆಗೆ ಇಳಿಯತೊಡಗಿದ. ಗೋಲಿನ ಮುಂದೆ ಎರಡು ಇಟ್ಟಿಗೆ ಇಟ್ಟು, ಅದು ನಾನೆಂದುಕೊಂಡು, ಎಲ್ಲಿ ನಿಂತರೆ ಇಟ್ಟಿಗೆಗೆ ಮರೆಯಾಗುವುದಿಲ್ಲ ಎಂದು ಒಂದೊಂದು ಗೇಣು ಸರಿದು ಸರಿದು ನೋಡುತ್ತಿದ್ದ. ನಾನು ದಂಡೆಯ ಬೇವಿನ ಮರದಡಿ ಕೂತು ಅದನ್ನು ನೋಡಿದೆ. ಎದ್ದು ಹೋಗಿ ಹೇಳಬೇಕೆಂದು ಕಾಲಿನವರೆಗೆ ಬಂದದ್ದು ಅಲ್ಲಿಯೇ ನಿಂತಿತು. ಗೋಲು ಕಾಯದ ದ್ಯಾಮಣ್ಣ ಯಾರು ಎನ್ನುವುದು ನನಗೇ ಗೊತ್ತಿರಲಿಲ್ಲ.

ಮೂರನೆಯ ಪಂದ್ಯ ಗೆದ್ದೆವು. ನಾಲ್ಕನೆಯದರಲ್ಲಿ ಫಕೀರಪ್ಪ ನನಗೆ ಮರೆಯಾಗಬಾರದೆಂದು ಮಾರುದೂರ ಸರಿದು ನಿಂತ, ಆ ಸಂದಿನಿಂದಲೇ ಬಿಲ್ಲೆ ಬಂತು. ಸದ್ದು ಕೇಳಿ ತಿರುಗುವಷ್ಟರಲ್ಲಿ ಬಲೆ ಅಲುಗಾಡುತ್ತಿತ್ತು. ಪಂದ್ಯ ಸಮವಾಯಿತು. ನಾವು ನಾಲ್ಕನೆಯ ಜಾಗಕ್ಕೇನೋ ಬಂದಿದ್ದೆವು, ಕಡೆಯ ಪಂದ್ಯದಲ್ಲಿ ಸೋಲದಿದ್ದರೆ ಸಾಕಿತ್ತು. ಆದರೆ ಅಕ್ಕೋರು ಮೂರು ಗೋಲುಗಳನ್ನು ಬೆರಳು ಮಡಿಸಿ ಎಣಿಸಿ, ಮೂರೂ ಎಡಗಡೆಯವೇ ಎಂದು ಹೇಳಿ, ಕಡೆಯ ಪಂದ್ಯಕ್ಕೆ ಫಕೀರಪ್ಪ ಬೇಡ, ಬರುವ ವರ್ಷದ ಮಾತು ಆಮೇಲೆ ನೋಡೋಣ ಎಂದರು. ಅವನು ತಲೆಯಾಡಿಸಿದ. ಸಂಜೆ ನಮ್ಮ ಮನೆಗೆ ಬಂದು ಬೂಟು ಕೋಲು ಎರಡನ್ನೂ ಪಡಸಾಲೆಯಲ್ಲಿಟ್ಟು, ಇವು ಇಲ್ಲಿರಲಿ ಅಕ್ಕ, ಗಡ್ಡೆ ಕೊಯ್ಯುವ ಕಂಪನಿಯವರು ಆಳು ಕೇಳುತ್ತಿದ್ದಾರೆ, ಹೆಸರು ಬರೆಸುತ್ತೇನೆ ಎಂದ. ಹುಲಿಗೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ನೀ ಅಲ್ಲೇ ಇದ್ದೆಲ್ಲ, ಅವನ ಪರ ಒಂದು ಮಾತರ ಆಡಬಾರದಿತ್ತೇನು?"

ಮರುದಿನ ಬೆಳಿಗ್ಗೆ, ಕಡೆಯ ಪಂದ್ಯಕ್ಕೆ ಒಂದೇ ದಿನ ಇರುವಾಗ, ನಾನು ಕೆರೆಗೆ ಇಳಿದೆ. ಅಕ್ಕೋರು ಮುದುಡಿದ ಸೀರೆಯ ಮೇಲೆ ಕಂಬಳಿ ಹೊದ್ದು, ಕೆಮ್ಮಣ್ಣು ಕಲಸಿದ ಬಕೆಟ್ಟು ಹಿಡಿದು, ಆಟದ ನಡುಗೆರೆಯನ್ನು ಹೊಸದಾಗಿ ಎಳೆಯುತ್ತಿದ್ದರು. ಆ ಕೆಲಸವನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ.

"ಅಕ್ಕೋರ, ಫಕೀರಪ್ಪಂದು ತಪ್ಪಿಲ್ರಿ," ಎಂದೆ.

"ನಿನ್ನ ಹೇಣತಿ ಕಳಿಸಿದ್ಲೇನು?"

"ಇಲ್ರಿ. ನನಗ ಎಡಗಡೆ ಕಾಣಂಗಿಲ್ಲ."

ಅವರು ಗೆರೆಯನ್ನು ಆ ತುದಿಯ ತನಕ ಎಳೆದು ಮುಗಿಸಿ ತಿರುಗಿ ಬಂದರು. ಗೋಲಿನ ಮುಂದೆ ಹೋಗಿ ನಿಲ್ಲು ಎಂದರು. ನಿಂತೆ. ಅವರು ಒಂದು ಕೋಲು, ಒಂದು ಬಿಲ್ಲೆ ತೆಗೆದುಕೊಂಡು ಎಡಗಡೆಗೆ ಸರಿದು ಹೋದರು. ನೇರ ಮುಂದೆ ನೋಡು ಎಂದರು. ನಾನು ಎದುರು ದಂಡೆಯ ಮಸೀದಿಯ ಗುಮ್ಮಟ ನೋಡುತ್ತ, ಮಂಡಿ ಬಗ್ಗಿಸಿ, ಕೈ ಅಗಲಿಸಿ ಕಾದೆ. ಕಾದು ಕಾದು ಸಾಕಾಗಿ, "ಹೊಡೀರಿ ಅಕ್ಕೋರ," ಎಂದೆ.

"ಹೊಡದಾತು," ಎಂದರು.

ತಿರುಗಿ ನೋಡಿದರೆ ಬಿಲ್ಲೆ ನನ್ನ ಹಿಂದೆ ಬಲೆಯೊಳಗೆ ಮಲಗಿತ್ತು. ಕೂಸಿಗೆ ಉರುಳಿಸಿದಷ್ಟು ಮೆಲ್ಲಗೆ ತಳ್ಳಿದ್ದರಂತೆ, ಸದ್ದೂ ಆಗಿರಲಿಲ್ಲ.

ಅಕ್ಕೋರು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತರು. ಎಷ್ಟು ದಿನದಿಂದ ಎಂದು ಕೇಳಿದರು. ಸಂಕ್ರಾಂತಿಯಿಂದ ಎಂದೆ, ಶಿಬಿರದ ಮಾತು, ಚೀಟಿಯ ಮಾತು, ಬೇವಿನ ಮರದಡಿ ಕೂತು ಫಕೀರಪ್ಪನನ್ನು ನೋಡಿದ ಮಾತು ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಹೆಗಲು ಇಳಿದು ಹಗುರಾದದ್ದು ನನಗೇ ತಿಳಿಯಿತು. ಅಷ್ಟು ದಿನ ಅದನ್ನು ಕಿವಿಯವರೆಗೆ ಎತ್ತಿಕೊಂಡೇ ತಿರುಗುತ್ತಿದ್ದೆನೋ ಏನೋ. ಅವರು ಪೂರ್ತಿ ಕೇಳಿದರು.

"ಕಣ್ಣು ಹೋದದ್ದಕ್ಕ ನಾ ಯಾರನ್ನೂ ಬೈಯಂಗಿಲ್ಲ, ದ್ಯಾಮಣ್ಣ," ಎಂದರು. "ಆದ್ರ ಆ ಮನಿಷಾ ಉರಿಬಿಸಲಾಗ ಒಬ್ಬನ ಬಂದು ಇಲ್ಲಿ ನಿಲ್ಲೂದು ಕಲಿಯಾಕತ್ತಿದ್ದ. ಒಂಬತ್ತು ವರ್ಷ ಆಡಿದಾಂವ ನಿಲ್ಲೂದು ಕಲಿಯಾಕತ್ತಿದ್ದ. ಅದನ್ನ ನೋಡಿಕೋಂತ ಕುಂತಿದ್ದೆಲ್ಲ, ಅದಕ್ಕ ನಿನಗ ಏನ್ ಅನ್ಲಿ ನಾ?"

ಅವರು ಉತ್ತರಕ್ಕೆ ಕಾಯಲಿಲ್ಲ. ಹತ್ತು ಗಂಟೆಗೆ ಎಲ್ಲರೂ ದೋಣಿಮನೆಗೆ ಬರುತ್ತಾರೆ, ಫಕೀರಪ್ಪನಿಗೂ ಹೇಳಿಕಳಿಸುತ್ತೇನೆ, ನನಗೆ ಹೇಳಿದ್ದನ್ನು ಎಲ್ಲರೆದುರು ಅವನಿಗೆ ಹೇಳು, ನಾನು ನಿನ್ನ ಪರವಾಗಿ ಹೇಳುವುದಿಲ್ಲ ಎಂದು ಎದ್ದು ಹೋದರು.

ಹತ್ತು ಗಂಟೆಗೆ ಎಲ್ಲರೂ ಬಂದರು. ಫಕೀರಪ್ಪ ಕಡೆಗೆ ಬಂದ. ಬೂಟು ನಮ್ಮ ಮನೆಯಲ್ಲಿತ್ತಲ್ಲ, ಚಪ್ಪಲಿಯಲ್ಲೇ ಬಂದು ಬಾಗಿಲ ಬಳಿ ನಿಂತ, ಒಳಗೆ ಬರಬೇಕೋ ಬೇಡವೋ ಎನ್ನುವ ಹಾಗೆ. ನಾನು ಎದ್ದು ನಿಂತು ಅವನನ್ನು ನೋಡಿ ಹೇಳಿದೆ:

"ನೀ ಅಡ್ಡ ನಿಂತಿದ್ದಿಲ್ಲ, ಫಕೀರಪ್ಪ. ನನಗ ಕಂಡಿದ್ದಿಲ್ಲ. ನನ್ನ ಎಡಗಣ್ಣು ಹೋಗೇತಿ. ಅದು ಗೊತ್ತಿದ್ದೂ ನಿನ್ನ ಮ್ಯಾಲೆ ಹಾಕಿದೆ."

ಫಕೀರಪ್ಪ ಬಾಗಿಲು ಬಿಟ್ಟು ಒಳಗೆ ಬಂದ. ಅವನು ಹೊಡೆದರೆ ಹೊಡೆಸಿಕೊಳ್ಳುವುದೆಂದು ನಾನು ನಿರ್ಧರಿಸಿಕೊಂಡಿದ್ದೆ. ಅವನು ಕೇಳಿದ್ದೇ ಬೇರೆ.

"ಹಂಗಾದ್ರ ನಾ ನಿಂತ ಜಾಗಾ ಬರೋಬ್ಬರಿ ಇತ್ತು?"

"ಬರೋಬ್ಬರಿ ಇತ್ತು."

"ಮೂರೂ ಸಲ?"

"ಮೂರನೇ ಸಲ ನೀ ಸರದಿದ್ದು ನನ್ನ ಮಾತಿಗೆ. ಅದೂ ನಂದ."

ಅವನು ಮಗುಚಿ ಹಾಕಿದ್ದ ದೋಣಿಯ ಮೇಲೆ ಕುಳಿತು, ಎರಡೂ ಅಂಗೈಯಿಂದ ಮುಖ ಒರೆಸಿಕೊಂಡು ದೀರ್ಘವಾಗಿ ಉಸಿರುಬಿಟ್ಟ. ಆ ಮುಖದಲ್ಲಿ ಸಿಟ್ಟು ಹುಡುಕಿದೆ, ಇತ್ತು. ಅದಕ್ಕಿಂತ ಹೆಚ್ಚಾಗಿ, ತನ್ನ ಕಾಲು ತಾನು ನಂಬಬಹುದು ಎಂದು ತಿಳಿದವನ ಸಮಾಧಾನವಿತ್ತು. ನನ್ನ ಕಡೆ ನೋಡದೆ ಎದ್ದು, ಬೂಟು ತರುತ್ತೇನೆ ಎಂದು ಅಕ್ಕೋರಿಗೆ ಹೇಳಿ ಹೊರಟುಹೋದ. ಆಗ ಮೂಲೆಯಿಂದ ಮೈನುದ್ದೀನನ ದನಿ ಬಂತು. ಆರು ವರ್ಷದಿಂದ ಗೋಲು ಕಾಯುವ ಎರಡನೆಯವನಾಗಿ ಬೆಂಚಿನ ಮೇಲೆ ಕೂತು, ಕಡಲೆ ತಿನ್ನುತ್ತ, ಎಲ್ಲರನ್ನೂ ನಗಿಸುತ್ತಿದ್ದವನು ಅವನು. ಊರಲ್ಲಿ ಅವನದೊಂದು ಸೈಕಲ್ ರಿಪೇರಿ ಅಂಗಡಿ. ಆಗ ಮಾತ್ರ ನಗಿಸುವ ದನಿಯಿರಲಿಲ್ಲ. "ಹಂಗಾದ್ರ ನಾಳೆ ನಾ ಆಡಬೇಕೇನ್ರಿ, ಅಕ್ಕೋರ?" ಎಂದ. ಎಲ್ಲರೂ ನಕ್ಕರು, ಅವನೊಬ್ಬನನ್ನು ಬಿಟ್ಟು.

ಹುಲಿಗೆವ್ವನಿಗೆ ನಾನು ಹೇಳುವ ಮೊದಲೇ ಬೂಟಿಗೆ ಹೋದ ಫಕೀರಪ್ಪನಿಂದ ತಿಳಿದಿತ್ತು. ಅವಳು ತಮ್ಮನ ವಿಷಯಕ್ಕೆ ಬೈಯಬಹುದೆಂದು ತಲೆ ತಗ್ಗಿಸಿ ಹೋದರೆ, ಬೈದದ್ದು ಔಷಧಿಯ ವಿಷಯಕ್ಕೆ. ಇಷ್ಟು ತಿಂಗಳು ಒಂದು ಹನಿ ಬಿಟ್ಟುಕೊಳ್ಳದೆ ಕೂತಿದ್ದೆಯಲ್ಲ, ನಿನ್ನ ಕಣ್ಣು ನಿನ್ನೊಬ್ಬನದೇ ಎಂದು ತಿಳಿದಿದ್ದೆಯಾ ಎಂದಳು. ಮಧ್ಯಾಹ್ನದ ಬಸ್ಸಿಗೆ ನನ್ನನ್ನು ಎಳೆದುಕೊಂಡೇ ಹೋಗಿ ಆ ಡಾಕ್ಟರ ಆಸ್ಪತ್ರೆಯಲ್ಲೇ ಮತ್ತೆ ತೋರಿಸಿ ಔಷಧಿ ತಂದಳು. ಬಲಗಣ್ಣು ಚೆನ್ನಾಗಿದೆ, ಎಡಗಣ್ಣಲ್ಲಿ ಇನ್ನೂ ಅರ್ಧ ಉಳಿದಿದೆ ಎಂದು ಡಾಕ್ಟರು ಹೇಳಿದ್ದನ್ನು ಬಸ್ಸಿನಲ್ಲಿ ನಾಲ್ಕು ಸಲ ನನ್ನ ಬಾಯಿಂದ ಹೇಳಿಸಿದಳು. ಮನೆಗೆ ಬಂದು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಹನಿ ಬಿಟ್ಟಳು. ಚುರ್ ಎಂದಿತು. ಆ ಉರಿ ಹಿತವಾಗಿತ್ತು.

ಕಡೆಯ ಪಂದ್ಯದ ದಿನ ಬೆಳಿಗ್ಗೆ ಎಂಟಕ್ಕೇ ಪೂರ್ವದಲ್ಲಿ ಮೋಡ ಎದ್ದಿತ್ತು. ಗುಡುಗಿದರೆ ಗಡ್ಡೆ ಉಳಿಯುವುದಿಲ್ಲ. ಪಂದ್ಯ ಅರ್ಧಕ್ಕೆ ನಿಂತರೆ ಅದನ್ನು ಆಡಿದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆಗ ಸಮ ಮಾಡಿಕೊಂಡರೂ ಸಿಗಬೇಕಾದ ಒಂದು ಅಂಕ ನಮಗೆ ಸಿಗುವುದಿಲ್ಲ. ನಮಗೆ ಸೋಲದಿರುವುದೂ ಬೇಕಿತ್ತು, ಮುಗಿಸುವುದೂ ಬೇಕಿತ್ತು. ಎದುರಿಗೆ ಬಂದವರು ಹೊಳೆಯಾಚೆ ಊರಿನವರು, ಆಗಲೇ ಮೇಲಿನ ಸುತ್ತಿಗೆ ಹೋಗಿದ್ದವರು. ಅವರಿಗೆ ಅವಸರವಿರಲಿಲ್ಲ. ಊರಿನ ಜನವೆಲ್ಲ ಕಂಬಳಿ ಹೊದ್ದು ಗಡ್ಡೆಯ ಅಂಚಿನಲ್ಲಿ ನಿಂತು, ಒಂದು ಕಣ್ಣು ಆಟದ ಮೇಲೆ, ಒಂದು ಕಣ್ಣು ಮೋಡದ ಮೇಲೆ ಇಟ್ಟಿತ್ತು.

ನಾನು ಬೆಂಚಿನ ಮೇಲೆ ಮೈನುದ್ದೀನನ ಜಾಗದಲ್ಲಿ ಕುಳಿತೆ. ಅಲ್ಲಿ ಅವನ ಕಡಲೆಯ ಸಿಪ್ಪೆ ಇನ್ನೂ ಬಿದ್ದಿತ್ತು. ಮೂರು ಪಾಳಿಯ ಆಟದ ಮೊದಲ ಪಾಳಿಯಲ್ಲೇ ಅವನು ಬೇಗ ಬಗ್ಗಿಬಿಟ್ಟು ಭುಜದ ಮೇಲಿಂದ ಒಂದು ಗೋಲು ಬಿಟ್ಟ. ಆಗ ನನ್ನೊಳಗೆ ಎಲ್ಲೋ ಒಂದು ಮೂಲೆಗೆ ಸಂತೋಷವಾಯಿತು. ಮುಚ್ಚಿಡುವುದು ಸಾಕಾಗಿದೆ, ಅದಕ್ಕೇ ಅದನ್ನೂ ಹೇಳುತ್ತಿದ್ದೇನೆ. ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ವಿರಾಮದಲ್ಲಿ ಅವನು ಬಂದು ನನ್ನ ಪಕ್ಕ ಕುಳಿತ, ಕಡಲೆಯನ್ನು ಮುಟ್ಟಲೂ ಇಲ್ಲ. ಅವರು ಕೋಲು ಎತ್ತಿದ ಕೂಡಲೇ ಬಗ್ಗಬೇಡ, ಬಿಲ್ಲೆ ಕೋಲು ಬಿಡುವ ತನಕ ಕಾಯಿ, ನೀನು ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ ಎಂದು ಹೇಳಿದೆ. ಹದಿನಾಲ್ಕು ವರ್ಷದಲ್ಲಿ ಕಲಿತದ್ದರ ಸಾರ ಅಷ್ಟೇ. ಅವನು ಅದನ್ನೇ ತುಟಿಯಲ್ಲಿ ಗೊಣಗುತ್ತ ಎದ್ದು ಹೋದ.

ಎರಡನೆಯ ಪಾಳಿಯ ಕೊನೆಗೆ ನಮ್ಮ ಬಸಲಿಂಗ ಹೊಡೆದ ಬಿಲ್ಲೆ ಕಂಬಕ್ಕೆ ಬಡಿದು, ತಿರುಗಿ ಬಂದು ಅವನದೇ ಮೊಣಕಾಲಿಗೆ ತಾಗಿ ಒಳಗೆ ಹೋಯಿತು. ನೋಡಲು ಚೆಂದವಿಲ್ಲದ ಗೋಲು, ಆದರೆ ಗೋಲು. ಅಷ್ಟರಲ್ಲಿ ಮೋಡ ನೆತ್ತಿಗೆ ಬಂದಿತ್ತು, ಗಡ್ಡೆಯ ಮೇಲೆ ನೀರಿನ ಪೊರೆ ಹೊಳೆಯತೊಡಗಿತ್ತು. ಎರಡೂ ಕಡೆಯವರು ಒಪ್ಪಿ ಎರಡನೆಯ ವಿರಾಮ ಬಿಟ್ಟು ಆಟ ಮುಂದುವರಿಸಿದರು. ಹೊಳೆಯಾಚೆಯವರು ಒಪ್ಪಬೇಕಾಗಿರಲಿಲ್ಲ, ಒಪ್ಪಿದರು. ಅದನ್ನು ನಮ್ಮೂರು ಈಗಲೂ ನೆನೆಯುತ್ತದೆ.

ಕಡೆಯ ಎರಡು ನಿಮಿಷ ಇದ್ದಾಗ ಅವರ ಮೂವರು ಎಡಗಡೆಯಿಂದ ನುಗ್ಗಿದರು. ನಾನು ಬೆಂಚಿನಿಂದ ಎದ್ದು ನಿಂತೆ. ಗೋಲಿನಲ್ಲಿ ನಿಂತವನಿಗೆ ಆಟದ ಒಂದು ತುದಿಯಷ್ಟೇ ಕಾಣುವುದು. ಪಕ್ಕದಿಂದ ನೋಡಿದಾಗ, ಫಕೀರಪ್ಪ ಯಾವ ಜಾಗದಲ್ಲಿ ನಿಲ್ಲುತ್ತಾನೆ ಎಂದು ನಾನು ಮೊದಲ ಸಲ ಸರಿಯಾಗಿ ಕಂಡೆ. ಗೋಲು ಕಾಯುವವನಿಗೂ ಮರೆಯಲ್ಲ, ಬಿಲ್ಲೆಗೂ ದಾರಿಯಿಲ್ಲ, ಅಂಥದ್ದೊಂದು ಅಂಗೈಯಗಲದ ಜಾಗ. ಮೂವರಲ್ಲಿ ನಡುವಿನವನು ಕೋಲು ಬೀಸಿದಾಗ ಅವನು ಮೈಚೆಲ್ಲಿ ಬಿದ್ದ. ಬಿಲ್ಲೆ ಎದೆಗೆ ಬಡಿದ ಸದ್ದು ದಂಡೆಯ ತನಕ ಕೇಳಿತು. ಪುಟಿದು ಹೋದದ್ದನ್ನು ಇನ್ನೊಬ್ಬ ಹೊಡೆದ. ಮೈನುದ್ದೀನ ಬಗ್ಗಲಿಲ್ಲ. ಕಾದ, ಕಾದ, ನನಗೇ ಉಸಿರು ಕಟ್ಟುವಷ್ಟು ಕಾದು, ಕೈಗವಸಿನಲ್ಲಿ ಹಿಡಿದ. ಫಕೀರಪ್ಪ ಎದ್ದು ಎದೆ ತಿಕ್ಕಿಕೊಂಡು ಮತ್ತೆ ಅದೇ ಜಾಗಕ್ಕೆ ಹೋಗಿ ನಿಂತ. ಆಟ ಮುಗಿದ ಗಂಟೆ ಹೊಡೆಯಿತು, ಪಂದ್ಯ ಸಮ.

ಜನರೆಲ್ಲ ದಂಡೆ ಹತ್ತಿ, ಕಂಬಳಿ ಬಿಚ್ಚಿ, ಅರ್ಧ ಚಹಾ ಕುಡಿದಿದ್ದಾಗ ಗುಡುಗಿತು. ಕೆರೆ ಈ ದಂಡೆಯಿಂದ ಆ ದಂಡೆಯ ತನಕ ಒಂದೇ ಸೀಳು ಬಿಟ್ಟಿತು. ಸಮಿತಿಯ ಅಧ್ಯಕ್ಷರು ಮಳೆಯಲ್ಲೇ ಚಾವಡಿಗೆ ಹೋಗಿ ಗೋಡೆಯ ಕಾಗದವನ್ನು ಕೆರೆದು ತೆಗೆದರು. ಅಂಟು ಗಟ್ಟಿಯಾಗಿದ್ದರಿಂದ ಅರ್ಧ ಅಲ್ಲೇ ಉಳಿಯಿತು.

ಮುಂದಿನ ಸುತ್ತು ಗುಡ್ಡದ ಮೇಲಿನ ಊರಿನಲ್ಲಿ. ಅಲ್ಲಿಯ ಕೆರೆ ನಮ್ಮದಕ್ಕಿಂತ ಹದಿನೈದು ದಿನ ತಡವಾಗಿ ಒಡೆಯುತ್ತದೆ. ಮೂರು ದಿನ ಬಿಟ್ಟು ಬೆಳಗಿನ ಬಸ್ಸಿಗೆ ತಂಡ ಹೊರಟಾಗ, ಬೀಳ್ಕೊಡಲೆಂದು ನಾನೂ ನಿಲ್ದಾಣಕ್ಕೆ ಹೋದೆ. ಅಕ್ಕೋರು ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಕೆಳಗೆ ಯಾಕೆ ನಿಂತಿದ್ದೀ, ಮೈನುದ್ದೀನನಿಗೆ ಯಾರು ಹೇಳಿಕೊಡಬೇಕು, ಹತ್ತು ಎಂದರು. ಹುಲಿಗೆವ್ವ ಇದನ್ನು ಮೊದಲೇ ಬಲ್ಲವಳಂತೆ ರೊಟ್ಟಿಯ ಗಂಟನ್ನೂ ಔಷಧಿಯ ಸೀಸೆಯನ್ನೂ ಕೈಗಿತ್ತಳು. ಹತ್ತಿದೆ. ಕಿಟಕಿಯ ಪಕ್ಕದಲ್ಲಿ ಒಂದು ಜಾಗ ಖಾಲಿಯಿತ್ತು. ಫಕೀರಪ್ಪ ಎರಡು ಸೀಟು ಮುಂದೆ ಕುಳಿತಿದ್ದ. ಅವನು ಆ ಮೂರು ದಿನ ನನ್ನೊಡನೆ ಮಾತಾಡಿರಲಿಲ್ಲ, ನಾನೂ ಒತ್ತಾಯ ಮಾಡಿರಲಿಲ್ಲ.

ಊರ ಅಗಸಿ ದಾಟಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ. ಸಂಕ್ರಾಂತಿಯಿಂದ ಕೂಡಿಟ್ಟ ನಿದ್ದೆಯೆಲ್ಲ ಒಟ್ಟಿಗೆ ಬಂದು, ಬಾಯಿ ತೆರೆದು, ತಲೆಯನ್ನು ಕಿಟಕಿಯ ಸರಳಿಗೆ ಕುಟ್ಟಿಕೊಳ್ಳುತ್ತ ಗುಡ್ಡದ ತುದಿಯ ತನಕ ಮಲಗಿದ್ದೆನಂತೆ. ಕಂಡಕ್ಟರ್ ಎರಡು ಸಲ ಭುಜ ಅಲುಗಾಡಿಸಿ ಟಿಕೆಟ್ ಕೇಳಿದರೂ ಎಚ್ಚರವಾಗಲಿಲ್ಲವಂತೆ. ಮೂರನೆಯ ಸಲ ಫಕೀರಪ್ಪ ಹಿಂದೆ ತಿರುಗಿ, "ಎಬ್ಬಿಸಬ್ಯಾಡ್ರಿ, ಮಾವನ ಟಿಕೀಟೂ ನನ್ನ ಲೆಕ್ಕದಾಗ ಹರೀರಿ," ಎಂದನಂತೆ. ಇದನ್ನು ನನಗೆ ಆಮೇಲೆ ಮೈನುದ್ದೀನ ಹೇಳಿದ, ಕಡಲೆ ತಿನ್ನುತ್ತ.